ಕೋಲಾರದ ಶೋಧಕ ಜಾಲ ಮತ್ತು ಗಾಮಾ ಕಿರಣಗಳು

ಕೋಲಾರದ ಚಿನ್ನದ ಗಣಿಯೆಂದೊಡನೆ ವಿಜ್ಞಾನ ಚರಿತ್ರೆಕಾರರು 1965ರ ನ್ಯೂಟ್ರಿನೊ ಶೋಧವನ್ನೇ ನೆನೆಯುತ್ತಾರೆ. ಅದೇ ನೆಲದ ಮೇಲೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಹರಡಿದ್ದ ಶೋಧಕಗಳ ಜಾಲಕ್ಕೆ ಅಷ್ಟು ಗಮನ ಸಂದಿಲ್ಲ.

ಅತಿಶಕ್ತಿಯ ಗಾಮಾ ಕಿರಣವು ನೆಲವನ್ನು ಮುಟ್ಟದು; ವಾಯುಮಂಡಲದಲ್ಲಿ ಕಣಗಳ ಸುರಿಮಳೆಯನ್ನೆಬ್ಬಿಸಿ ತಾನು ಅಳಿಯುತ್ತದೆ. ಕಣಗಳು ಒಂದೊಂದು ಶೋಧಕವನ್ನು ತಲುಪಿದ ಕ್ಷಣಗಳ ಅಂತರದಿಂದ ಅದು ಬಂದ ದಿಕ್ಕನ್ನು ಗಣಿಸಬಹುದು. ಪ್ರೋಟಾನಿನಿಂದಾದ ಸುರಿಮಳೆಯೂ ಹೊರನೋಟಕ್ಕೆ ಅಂಥದೇ. ಆದರೆ ಅದರಲ್ಲಿ ಮ್ಯೂಆನುಗಳು ಹೇರಳ, ಗಾಮಾ ಕಿರಣದ್ದರಲ್ಲಿ ವಿರಳ. ದಪ್ಪ ಹೊದಿಕೆಯನ್ನು ತೂರಬಲ್ಲ ಮ್ಯೂಆನುಗಳನ್ನು ಎಣಿಸುವುದೇ ಇಲ್ಲಿ ನಿರ್ಣಾಯಕ.

1989ರ ಫೆಬ್ರವರಿ 23ರಂದು ಏಡಿ ನೀಹಾರಿಕೆಯ ದಿಕ್ಕಿನಿಂದ ಸುರಿಮಳೆಗಳು ಹೆಚ್ಚಿದುದನ್ನು ಕೋಲಾರದ ಜಾಲ ದಾಖಲಿಸಿತು. ಸೋವಿಯತ್ ಒಕ್ಕೂಟದ ಬಕ್ಸಾನ್‌ನಲ್ಲಿಯೂ ಅದು ಕಂಡಿತು. ಒಂದು ದಿನದ ಹೆಚ್ಚಳದಿಂದ ಆಕರವು ಸಿದ್ಧವಾಗದು. 2019ರಲ್ಲಿ ಟಿಬೆಟ್ಟಿನ ಜಾಲವು, ನೆಲದಡಿಯ ಮ್ಯೂಆನು ಶೋಧಕಗಳ ನೆರವಿನಿಂದಲೇ, ಅದೇ ನೀಹಾರಿಕೆಯಿಂದ 100 ಟೆರಾ ಎಲೆಕ್ಟ್ರಾನ್‌ವೋಲ್ಟ್ ಮೀರಿದ ಗಾಮಾ ಕಿರಣಗಳು ಬರುತ್ತಿರುವುದನ್ನು ಖಚಿತಪಡಿಸಿತು.