ಕಟ್ಟಡಗಳು ಉಳಿದವು, ಜನ ಉಳಿಯಲಿಲ್ಲ: ಥೆಸಲೊನೀಕಿಯಲ್ಲಿ ಒಂದು ದಿನ

ಗ್ರೀಸ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಅಥೆನ್ಸು, ಅಕ್ರೊಪೊಲಿಸ್ಸು, ಮತ್ತೆ ಶಾಲೆಯಲ್ಲಿ ಉರುಹೊಡೆದ ಸಾಕ್ರೆಟಿಸ್-ಪ್ಲೇಟೋ-ಅರಿಸ್ಟಾಟಲ್ ಗುರುಶಿಷ್ಯ ಪರಂಪರೆ. ಆ ದೇಶದ ಎರಡನೇ ದೊಡ್ಡ ನಗರ ಥೆಸಲೊನೀಕಿಯ ಹೆಸರು ಹೇಳಿದರೆ "ಅದೆಲ್ಲಿದೆ ಮಾರಾಯ್ರೇ?" ಅನ್ನುವವರೇ ಜಾಸ್ತಿ. ನನಗೆ ಅಲ್ಲಿ ಸಿಕ್ಕಿದ್ದು ಒಂದೇ ಒಂದು ದಿನ. ಬಾವುಟ ಹಿಡಿದವರ ಹಿಂದೆ ಬಸ್ಸು ತುಂಬ ಜನರ ಜೊತೆ ಓಡುವುದು ನನಗೆ ಒಗ್ಗದ ಕೆಲಸ. ಹಾಗಾಗಿ ಒಂದು ಕಾರು, ಒಬ್ಬ ಗೈಡು ಅಂತ ಗೊತ್ತು ಮಾಡಿಕೊಂಡು ಬೆಳಗ್ಗೆಯಿಂದ ಸಂಜೆ ತನಕ ಊರು ಸುತ್ತಿದೆ. ಆ ಸುತ್ತಾಟದಲ್ಲಿ ಕಂಡದ್ದಕ್ಕಿಂತ ಕಾಣದೇ ಹೋದದ್ದೇ ತಲೆಯಲ್ಲಿ ಹೆಚ್ಚು ಕೊರೆಯುತ್ತಿದೆ. ಅದಕ್ಕೇ ಈ ಬರಹ.

ಮೊದಲು ಊರಿನ ಜಾತಕ ಸ್ವಲ್ಪ ನೋಡೋಣ. ಕ್ರಿಸ್ತಪೂರ್ವ 315ರಲ್ಲಿ ಮ್ಯಾಸಿಡೋನಿಯಾದ ಕಸಾಂಡರ್ ಈ ಊರನ್ನು ಕಟ್ಟಿ ತನ್ನ ಹೆಂಡತಿ ಥೆಸಲೊನೀಕೆಯ ಹೆಸರಿಟ್ಟ. ಆಕೆ ಅಲೆಗ್ಸಾಂಡರನ ಮಲತಂಗಿ. ಅಬ್ಬಾ ಎಂಥಾ ಪ್ರೀತಿ ಅಂದುಕೊಳ್ಳಬೇಡಿ, ಅಲೆಗ್ಸಾಂಡರನ ತಾಯಿಯನ್ನು ಕೊಲ್ಲಿಸಿದವನೂ ಇದೇ ಕಸಾಂಡರ್! ರಾಜಮನೆತನದ ನಂಟನ್ನು ಊರಿನ ಹೆಸರಿನಲ್ಲೇ ಕೆತ್ತಿಸಿಕೊಂಡ ಅಷ್ಟೆ. ಮುಂದೆ ರೋಮನ್ನರ ಕಾಲದಲ್ಲಿ ಆಡ್ರಿಯಾಟಿಕ್ ಸಮುದ್ರದಿಂದ ಪೂರ್ವಕ್ಕೆ ಹೋಗುವ ಎಗ್ನಾಶಿಯಾ ಹೆದ್ದಾರಿ ಈ ಊರಿನ ಮೇಲೆಯೇ ಹಾದುಹೋಯಿತು. ಒಂದು ಕಡೆ ಬಂದರು, ಇನ್ನೊಂದು ಕಡೆ ಹೆದ್ದಾರಿ. ಇನ್ನೇನು ಬೇಕು? ಯಾರು ಬಂದರೂ ಈ ಊರು ಬೇಕೇ ಬೇಕು ಅನ್ನುವಂತಾಯಿತು. ಇವತ್ತಿಗೂ ಊರಿನ ಮುಖ್ಯ ಬೀದಿಯ ಹೆಸರು ಎಗ್ನಾಶಿಯಾ.

ಆ ಬೀದಿಯ ಪಕ್ಕದಲ್ಲೇ ಇದೆ ರೋಟುಂಡಾ. ನನ್ನ ಪಾಲಿಗೆ ಇಡೀ ಊರಿನ ಚರಿತ್ರೆ ಇದೊಂದೇ ಕಟ್ಟಡದೊಳಗಿದೆ. ಗುಂಡಗಿನ ದೈತ್ಯ ಕಟ್ಟಡ, ಆರು ಮೀಟರಿಗೂ ಹೆಚ್ಚು ದಪ್ಪದ ಗೋಡೆಗಳು. ಕಟ್ಟಿಸಿದ್ದು ನಾಲ್ಕನೇ ಶತಮಾನದ ಆರಂಭದಲ್ಲಿ, ಚಕ್ರವರ್ತಿ ಗಲೇರಿಯಸ್ ಅನ್ನುತ್ತಾರೆ. ತನ್ನ ಗೋರಿಗೆಂದು ಕಟ್ಟಿಸಿದನೋ, ದೇವಸ್ಥಾನವೆಂದೋ, ವಿದ್ವಾಂಸರ ಜಗಳ ಮುಗಿದಿಲ್ಲ. ಗೋರಿಯೇ ಆಗಿದ್ದರೂ ಅವನ ಕೆಲಸಕ್ಕೆ ಬರಲಿಲ್ಲ ಬಿಡಿ, ಅವನನ್ನು ಮಣ್ಣು ಮಾಡಿದ್ದು ಇವತ್ತಿನ ಸೆರ್ಬಿಯಾದಲ್ಲಿ. ಈ ಗಲೇರಿಯಸ್ ಕ್ರೈಸ್ತರನ್ನು ಇನ್ನಿಲ್ಲದಂತೆ ಕಾಡಿದವನು. ಸಾಯುವ ಮುಂಚೆ 311ರಲ್ಲಿ ಅವನೇ ಆ ಕಿರುಕುಳ ನಿಲ್ಲಿಸುವ ಆಜ್ಞೆ ಹೊರಡಿಸಿದ. ತಮಾಷೆ ನೋಡಿ, ಅವನ ಕಟ್ಟಡವೇ ಮುಂದೆ ಚರ್ಚಾಯಿತು. ಗುಮ್ಮಟದೊಳಗೆ ಚಿನ್ನದ ಬಣ್ಣದ ಮೊಸಾಯಿಕ್ ಚಿತ್ರಗಳು ಬಂದವು. 1430ರಲ್ಲಿ ಸುಲ್ತಾನ ಎರಡನೇ ಮುರಾದ್ ಊರನ್ನು ಗೆದ್ದ. 1590ರ ಸುಮಾರಿಗೆ ರೋಟುಂಡಾ ಮಸೀದಿಯಾಯಿತು, ಪಕ್ಕದಲ್ಲೊಂದು ಮಿನಾರು ಎದ್ದಿತು. 1912ರಲ್ಲಿ ಗ್ರೀಕ್ ಸೈನ್ಯ ಬಂತು, ಮತ್ತೆ ಚರ್ಚು. ಈಗ ಯುನೆಸ್ಕೋ ಪಟ್ಟಿಯಲ್ಲಿರುವ ಸ್ಮಾರಕ. ಇಷ್ಟೆಲ್ಲ ಆದರೂ ಗೋಡೆ ಅದೇ, ಗುಮ್ಮಟ ಅದೇ, ಮೊಸಾಯಿಕ್ಕಿನ ಒಂದಷ್ಟು ಭಾಗವೂ ಉಳಿದಿದೆ. ಬಂದವರೆಲ್ಲ ತಮಗೆ ಬೇಕಾದ ಹಾಗೆ ಬಳಸಿಕೊಂಡರೇ ಹೊರತು ಕೆಡವಲಿಲ್ಲ.

ಊರಿನ ರಕ್ಷಕ ಸಂತ ದಿಮಿತ್ರಿಯ ಚರ್ಚಿನದ್ದೂ ಇದೇ ಕಥೆ. ಅದೂ ಚರ್ಚು, ಮಸೀದಿ, ಮತ್ತೆ ಚರ್ಚು. 1917ರ ಬೆಂಕಿಯಲ್ಲಿ ಸುಟ್ಟು ಹೋದದ್ದನ್ನು ಮತ್ತೆ ಕಟ್ಟಿ 1949ರಲ್ಲಿ ಬಾಗಿಲು ತೆರೆದರು. ಬೆಂಕಿಯಿಂದ ಬಚಾವಾದ ಕೆಲವೇ ಕೆಲವು ಏಳನೇ ಶತಮಾನದ ಮೊಸಾಯಿಕ್ಕುಗಳು ಈಗಲೂ ಅಲ್ಲಿವೆ.

ಹಾಗಾದರೆ ಜನ? ಇಲ್ಲಿಂದ ಕಥೆ ಬೇರೆಯಾಗುತ್ತದೆ.

1492ರಲ್ಲಿ ಸ್ಪೇನಿನ ರಾಜ-ರಾಣಿ ತಮ್ಮ ದೇಶದ ಯಹೂದಿಗಳಿಗೆ 'ಮತ ಬದಲಿಸಿ, ಇಲ್ಲವೇ ಜಾಗ ಖಾಲಿ ಮಾಡಿ' ಎಂದರು. ಹಾಗೆ ಹೊರಟವರಲ್ಲಿ ಸಾವಿರಾರು ಜನರಿಗೆ ಆಶ್ರಯ ಕೊಟ್ಟದ್ದು ಆಟೊಮನ್ನರ ಈ ಬಂದರು. ಅವರು ತಮ್ಮ ಹಳೆಯ ಸ್ಪ್ಯಾನಿಷ್ ನುಡಿಯನ್ನೂ ಜೊತೆಗೆ ತಂದರು. ಲದೀನೋ ಎಂದು ಕರೆಯುವ ಆ ಭಾಷೆ ಇಲ್ಲಿ ನಾನ್ನೂರು ವರ್ಷಕ್ಕೂ ಹೆಚ್ಚು ಕಾಲ ಬೀದಿಯ ಮಾತಾಗಿತ್ತು. 1900ರ ಹೊತ್ತಿಗೆ ಊರಿನ ಸರಿಸುಮಾರು ಅರ್ಧದಷ್ಟು ಜನ ಯಹೂದಿಗಳು. ಶನಿವಾರ ಅವರ ವಾರದ ರಜೆ, ಹಾಗಾಗಿ ಶನಿವಾರ ಬಂದರಿಗೇ ರಜೆ! ಮನೆ ಬಿಟ್ಟು ನಾಲ್ಕು ತಲೆಮಾರಿಗೆ ಮಾತು ಮರೆಯುವ ನಮ್ಮಂಥವರು ಅವರನ್ನು ನೋಡಿ ಕಲಿಯುವುದು ಬಹಳ ಇದೆ ಅನ್ನಿಸಿತು.

1917ರ ಆಗಸ್ಟ್ 18ರಂದು ಒಂದು ಮನೆಯ ಅಡುಗೆಯ ಕಿಡಿಯಿಂದ ಹೊತ್ತಿಕೊಂಡ ಬೆಂಕಿ ನಡು ಊರನ್ನೇ ನುಂಗಿತು. ಸುಮಾರು 9,500 ಮನೆಗಳು ಬೂದಿ, 70,000ಕ್ಕೂ ಹೆಚ್ಚು ಜನ ಬೀದಿಪಾಲು. ಅವರಲ್ಲಿ ಹೆಚ್ಚಿನವರು ಯಹೂದಿಗಳು. ಸರ್ಕಾರ ಫ್ರಾನ್ಸಿನ ಎರ್ನೆಸ್ಟ್ ಎಬ್ರಾರ್ ಎಂಬ ವಾಸ್ತುಶಿಲ್ಪಿಯ ಕೈಲಿ ಹೊಸ ನಕ್ಷೆ ಹಾಕಿಸಿತು. ಸುಟ್ಟ ಜಾಗವನ್ನು ಸ್ವಾಧೀನಕ್ಕೆ ತಗೊಂಡು ಹೊಸ ನಿವೇಶನ ಮಾಡಿ ಹರಾಜು ಹಾಕಿತು. ಇವತ್ತು ಪ್ರವಾಸಿಗಳೆಲ್ಲ ಕಾಫಿ ಕುಡಿಯುತ್ತಾ ಫೋಟೋ ತೆಗೆಯುವ ಅರಿಸ್ಟಾಟಲ್ ಚೌಕ ಆ ನಕ್ಷೆಯ ಕೂಸು. ನಾನೂ ಅಲ್ಲಿ ಕಾಫಿ ಕುಡಿದೆ, ಬುಗಾತ್ಸಾ ಎಂಬ ಪದರ ಪದರದ ಸಿಹಿ ತಿಂದೆ. ರುಚಿಗೇನೂ ಮೋಸವಿಲ್ಲ :-)

"ಈ ಬುಗಾತ್ಸಾ ನಮ್ಮಜ್ಜಿಯ ಜೊತೆ ಬಂತು" ಅಂದರು ಗೈಡು. ಅವರ ಅಜ್ಜಿ ಸ್ಮಿರ್ನಾದಿಂದ, ಅಂದರೆ ಈಗಿನ ಟರ್ಕಿಯ ಇಜ್ಮೀರಿನಿಂದ, ನಿರಾಶ್ರಿತಳಾಗಿ ಬಂದವಳಂತೆ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಲೊಸಾನ್ ನಗರದಲ್ಲಿ ಒಪ್ಪಂದ ಮಾಡಿಕೊಂಡು ಜನರನ್ನೇ ಅದಲು ಬದಲು ಮಾಡಿಕೊಂಡವು. ಸುಮಾರು ಹನ್ನೆರಡು ಲಕ್ಷ ಕ್ರೈಸ್ತರು ಈಚೆಗೆ, ನಾಲ್ಕು ಲಕ್ಷದಷ್ಟು ಮುಸ್ಲಿಮರು ಆಚೆಗೆ. ಯಾರು ಎಲ್ಲಿಗೆ ಅನ್ನುವುದಕ್ಕೆ ಅಳತೆಗೋಲು ಭಾಷೆಯಲ್ಲ, ಧರ್ಮ. ಮನೆಯಲ್ಲಿ ಟರ್ಕಿಶ್ ಮಾತಾಡುತ್ತಿದ್ದ ಕ್ರೈಸ್ತರು ಗ್ರೀಸಿಗೆ ಬಂದರು, ಗ್ರೀಕ್ ಬಿಟ್ಟು ಬೇರೆ ನುಡಿ ತಿಳಿಯದ ಮುಸ್ಲಿಮರು ಟರ್ಕಿಗೆ ಹೋದರು. 1947 ಅನ್ನು ಓದಿ ಬೆಳೆದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಜನ ಹೋದ ಮೇಲೆ ಮಿನಾರುಗಳನ್ನು ಕೆಡವಿದರು. ಪೂರ್ತಿಯಾಗಿ ಉಳಿದದ್ದು ರೋಟುಂಡಾದ್ದು ಮಾತ್ರ. ಅಂದ ಹಾಗೆ ಟರ್ಕಿಯ ರಾಷ್ಟ್ರಪಿತ ಅತಾತುರ್ಕ್ 1881ರಲ್ಲಿ ಹುಟ್ಟಿದ್ದೂ ಇದೇ ಊರಲ್ಲಿ. ಆ ಮನೆ ಈಗ ಮ್ಯೂಸಿಯಂ, ಅದಿರುವ ಬೀದಿಯ ಹೆಸರು ಅಪೊಸ್ತಲ ಪೌಲ ಬೀದಿ!

ಇನ್ನೂ ವಿಚಿತ್ರ ಕೇಳಿ. ಹದಿನೇಳನೇ ಶತಮಾನದಲ್ಲಿ ಸಬ್ಬತಾಯ್ ಝೆವಿ ಎಂಬ ಯಹೂದಿ ತಾನೇ ರಕ್ಷಕನೆಂದು ಸಾರಿ, ಕೊನೆಗೆ ಸುಲ್ತಾನನ ಎದುರು ಇಸ್ಲಾಮಿಗೆ ಸೇರಿದ. ಅವನ ಹಿಂದೆ ಹಾಗೆಯೇ ಮತ ಬದಲಿಸಿದವರ ವಂಶಸ್ಥರು 'ದ್ಯೋನ್ಮೆ'ಗಳು. 1902ರಲ್ಲಿ ಅವರು ಕಟ್ಟಿಸಿದ ಹೊಸ ಮಸೀದಿಯ ಅಲಂಕಾರದಲ್ಲಿ ದಾವೀದನ ನಕ್ಷತ್ರವೂ ಇದೆ. ಅದಲು ಬದಲಿನ ವೇಳೆ ಅವರು ಮುಸ್ಲಿಮರ ಲೆಕ್ಕದಲ್ಲಿ ಊರು ಬಿಡಬೇಕಾಯಿತು. ಆಗ ಅದು ಶಾಪ. ಇಪ್ಪತ್ತು ವರ್ಷದ ಮೇಲೆ ನೋಡಿದರೆ ಅದೇ ಅವರ ಜೀವ ಉಳಿಸಿತ್ತು.

ಯಾಕೆಂದರೆ 1941ರ ಏಪ್ರಿಲಿನಲ್ಲಿ ಜರ್ಮನ್ ಸೈನ್ಯ ಊರಿಗೆ ಬಂತು. 1942ರ ಜುಲೈ 11ರಂದು ಯಹೂದಿ ಗಂಡಸರನ್ನು ಸುಡು ಬಿಸಿಲಲ್ಲಿ ಎಲೆಫ್ತೆರಿಯಾಸ್ ಚೌಕದಲ್ಲಿ ನಿಲ್ಲಿಸಿ ಹಿಂಸಿಸಿದರು. ಆ ಹೆಸರಿನ ಅರ್ಥ ಸ್ವಾತಂತ್ರ್ಯ ಚೌಕ. 1943ರ ಮಾರ್ಚ್ 15ರಂದು ಮೊದಲ ರೈಲು ಆಶ್ವಿತ್ಸ್‌ಗೆ ಹೊರಟಿತು. ಆಗಸ್ಟಿನ ಹೊತ್ತಿಗೆ, ನಾನ್ನೂರು ವರ್ಷಕ್ಕೂ ಹೆಚ್ಚು ಕಾಲ ಈ ಊರನ್ನು ತಮ್ಮದೆಂದುಕೊಂಡಿದ್ದ ಸುಮಾರು ಐವತ್ತು ಸಾವಿರ ಜನರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಸಾಗಿಸಿಯಾಗಿತ್ತು. ಯುದ್ಧದ ನಂತರ ಊರಲ್ಲಿ ಕಂಡವರು ಎರಡು ಸಾವಿರದಷ್ಟು ಮಾತ್ರ.

ಬದುಕಿದ್ದವರನ್ನು ಸಾಗಿಸುವ ಮೊದಲೇ ಸತ್ತವರ ಸರದಿ ಬಂದಿತ್ತು. ಕೋಟೆಯ ಪೂರ್ವಕ್ಕಿದ್ದ ಯಹೂದಿ ಸ್ಮಶಾನದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಗೋರಿಗಳಿದ್ದವೆಂದು ಅಂದಾಜು. 1942ರ ಡಿಸೆಂಬರಿನಲ್ಲಿ ಜರ್ಮನ್ನರ ಒಪ್ಪಿಗೆಯೊಂದಿಗೆ ಸ್ಥಳೀಯ ಆಡಳಿತವೇ ಅದನ್ನು ಅಗೆಸಿಹಾಕಿತು. ಹೆಸರು ಕೆತ್ತಿದ ಕಲ್ಲುಗಳು ಗೋಡೆಗೆ, ಅಂಗಳಕ್ಕೆ, ಚರ್ಚುಗಳ ದುರಸ್ತಿಗೆ ಹೋದವು. ಆ ನೆಲದ ಮೇಲೆ ಇವತ್ತು ಅರಿಸ್ಟಾಟಲ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ರೋಟುಂಡಾದಿಂದ ನಡೆದೇ ಹೋಗಬಹುದು, ಹತ್ತು ನಿಮಿಷ.

ನನ್ನ ಆ ದಿನದ ಪಟ್ಟಿಯಲ್ಲಿ ಈ ಜಾಗ ಇರಲಿಲ್ಲ. ಕೇಳಿದಾಗ ಗೈಡು ಒಂದು ಕ್ಷಣ ಸುಮ್ಮನಿದ್ದು, "ಅಲ್ಲಿ ನೋಡಲಿಕ್ಕೇನಿಲ್ಲ, ಆದರೆ ಬನ್ನಿ" ಅಂದರು. ಅಲ್ಲಿರುವುದು 2014ರಲ್ಲಿ ಇಟ್ಟ ಒಂದು ಸಣ್ಣ ಸ್ಮಾರಕ. ಪಕ್ಕದಲ್ಲಿ ಹುಡುಗ ಹುಡುಗಿಯರು ಪುಸ್ತಕ ಹಿಡಿದು ನಗುತ್ತಾ ಹೋಗುತ್ತಿದ್ದರು. ಅವರದ್ದೇನು ತಪ್ಪು? ಗೈಡು ಹೇಳಿದ ಮಾತು ಮಾತ್ರ ಮರೆಯಲಾರೆ. "ನಮ್ಮಜ್ಜಿಯ ಮನೆಯನ್ನು ಅಲ್ಲಿ ಯಾರೋ ತಗೊಂಡರು. ಇಲ್ಲಿ ಅವಳಿಗೆ ಸಿಕ್ಕಿದ ಮನೆಯೂ ಇನ್ಯಾರದೋ ಆಗಿತ್ತು."

ಇದೇ ಊರಲ್ಲಿ 2006ರಲ್ಲಿ ಮೆಟ್ರೋ ಕೆಲಸ ಶುರುವಾಯಿತು, ರೈಲು ಓಡಿದ್ದು 2024ರ ನವೆಂಬರ್ 30ಕ್ಕೆ. ತಡಕ್ಕೆ ಮುಖ್ಯ ಕಾರಣಗಳಲ್ಲೊಂದು, ಅಗೆದಲ್ಲೆಲ್ಲ ಸಿಕ್ಕ ಪುರಾತನ ಅವಶೇಷ. ವೆನಿಝೆಲು ನಿಲ್ದಾಣದಲ್ಲಿ ಸಿಕ್ಕ ಬೈಜಾಂಟೈನ್ ಕಾಲದ ಅಮೃತಶಿಲೆಯ ರಸ್ತೆಗಾಗಿ ವರ್ಷಗಟ್ಟಲೆ ಜಗಳ, ಕೋರ್ಟು ಎಲ್ಲ ಆಯಿತು. ಕೊನೆಗೆ ಕಲ್ಲುಗಳನ್ನು ತೆಗೆದು, ಜೋಪಾನವಾಗಿಟ್ಟು, ಮರಳಿ ಜೋಡಿಸಿದರು. ಒಳ್ಳೆಯದೇ ಆಯಿತು, ನಾನದನ್ನು ಹಂಗಿಸುತ್ತಿಲ್ಲ. ಸಾವಿರ ವರ್ಷಕ್ಕೂ ಹಳೆಯ ಕಲ್ಲಿಗೆ ಇಷ್ಟು ಮರ್ಯಾದೆ ಸಿಗುವುದು ಅದು ಯಾರದೂ ಅಲ್ಲದ ಕಾರಣಕ್ಕೆ ಇರಬಹುದೇನೋ. ಅದರ ಮೇಲೆ ಹಕ್ಕು ಕೇಳಿಕೊಂಡು ಯಾರೂ ಬರುವುದಿಲ್ಲ. ಹೆಸರು ಕೆತ್ತಿದ ಕಲ್ಲು ಹಾಗಲ್ಲ, ಅದರ ಹಿಂದೆ ಒಂದು ಮನೆ, ಒಂದು ಅಂಗಡಿ, ಒಬ್ಬ ಮೊಮ್ಮಗ ಇರುತ್ತಾನೆ.

ನೀವು ಯಾವತ್ತಾದರೂ ಥೆಸಲೊನೀಕಿಗೆ ಹೋದರೆ ಬಿಳಿ ಗೋಪುರ ನೋಡಿ, ರೋಟುಂಡಾದ ಗುಮ್ಮಟದ ಕೆಳಗೆ ಕತ್ತೆತ್ತಿ ನಿಲ್ಲಿ, ಬುಗಾತ್ಸಾ ತಿನ್ನಿ. ಜೊತೆಗೆ ಆ ಕ್ಯಾಂಪಸ್ಸನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ. ನೋಡಲಿಕ್ಕೆ ಹೆಚ್ಚೇನಿಲ್ಲ, ನಿಜ. ಹತ್ತು ನಿಮಿಷ ನಿಂತು ಬಂದರೆ ಸಾಕು.