ಅಗಲವಾದ ಬದಲಿ ಚಕ್ರಗಳಿಗೆ ಸೂಕ್ತ ಟೈರಿನ ಅಳತೆ: ಕಾರು ಮಾಲೀಕರಿಗೆ ಮಾಹಿತಿ

ಕಾರಿನೊಂದಿಗೆ ಬಂದ ಚಕ್ರಗಳನ್ನು ತೆಗೆದು, ಮಾರುಕಟ್ಟೆಯಲ್ಲಿ ದೊರೆಯುವ ಅಗಲವಾದ ಅಲಾಯ್ ಚಕ್ರಗಳನ್ನು ಅಳವಡಿಸಿಕೊಳ್ಳುವ ಮಾಲೀಕರು ಟೈರಿನ ಅಳತೆಯನ್ನು ಹೇಗೆ ನಿರ್ಧರಿಸಬೇಕೆಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಅಳತೆ ತಪ್ಪಾದಲ್ಲಿ ಪ್ರಯಾಣಿಕರ ಸುರಕ್ಷತೆಗೆ ಧಕ್ಕೆಯಾಗುವುದಲ್ಲದೆ, ನೋಂದಣಿ ನವೀಕರಣದ ತಪಾಸಣೆಯಲ್ಲಿಯೂ ತೊಂದರೆ ಉಂಟಾಗಬಹುದು. ಆದುದರಿಂದ ಚಕ್ರಗಳನ್ನು ಖರೀದಿಸುವ ಮುನ್ನವೇ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಟೈರಿನ ಮೇಲಿನ ಗುರುತು

ಉದಾಹರಣೆಗೆ, ಮೂಲ ಟೈರಿನ ಮೇಲೆ 185/65 ಆರ್ 15 88 ಎಚ್ ಎಂದು ಮುದ್ರಿತವಾಗಿದೆ ಎಂದಿಟ್ಟುಕೊಳ್ಳಿ. ಇದರ ಅರ್ಥ ಹೀಗಿದೆ:

185 – ಟೈರಿನ ಅಗಲ, ಮಿಲಿಮೀಟರುಗಳಲ್ಲಿ
65 – ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾವಾರು
ಆರ್ – ರೇಡಿಯಲ್ ರಚನೆ
15 – ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ
88 – ಭಾರ ಸೂಚ್ಯಂಕ; ಒಂದು ಟೈರು ಹೊರಬಲ್ಲ ಗರಿಷ್ಠ ಭಾರ 560 ಕಿ.ಗ್ರಾಂ
ಎಚ್ – ವೇಗ ಸಂಕೇತ. ಗರಿಷ್ಠ ಗಂಟೆಗೆ 210 ಕಿ.ಮೀ.

2. ಹೊರವ್ಯಾಸ

ಹೊಸ ಟೈರಿನ ಹೊರವ್ಯಾಸವು ಮೂಲ ಟೈರಿನ ಹೊರವ್ಯಾಸಕ್ಕೆ ಆದಷ್ಟು ಸಮೀಪವಾಗಿರಬೇಕು. ಪಕ್ಕದ ಗೋಡೆಯ ಎತ್ತರದ ಎರಡರಷ್ಟನ್ನು ರಿಮ್ಮಿನ ವ್ಯಾಸಕ್ಕೆ ಕೂಡಿಸಿದರೆ ಹೊರವ್ಯಾಸ ದೊರೆಯುತ್ತದೆ. ಒಂದು ಅಂಗುಲವೆಂದರೆ 25.4 ಮಿ.ಮೀ. ಮೇಲಿನ ಟೈರಿನಲ್ಲಿ ರಿಮ್ಮಿನ ವ್ಯಾಸ 381 ಮಿ.ಮೀ., ಎರಡು ಗೋಡೆಗಳ ಎತ್ತರ 240.5 ಮಿ.ಮೀ., ಒಟ್ಟು 621.5 ಮಿ.ಮೀ.

ಇದರ ಬದಲಿಗೆ 205/60 ಆರ್ 16 ಟೈರನ್ನು ಹಾಕಿದಲ್ಲಿ ಹೊರವ್ಯಾಸ 652.4 ಮಿ.ಮೀ. ಆಗಿ, ಸುಮಾರು ಶೇ. 5ರಷ್ಟು ಹೆಚ್ಚುತ್ತದೆ. ಮೂಲ ಟೈರಿನೊಂದಿಗೆ ಸ್ಪೀಡೋಮೀಟರ್ ನಿಖರವಾಗಿದ್ದರೂ, ಈ ಬದಲಾವಣೆಯ ನಂತರ ಅದು 80 ಕಿ.ಮೀ. ತೋರಿಸುವಾಗ ವಾಹನವು ಗಂಟೆಗೆ ಸುಮಾರು 84 ಕಿ.ಮೀ. ವೇಗದಲ್ಲಿ ಚಲಿಸುತ್ತಿರುತ್ತದೆ.

3. ರಿಮ್ಮಿನ ಅಗಲಕ್ಕೆ ಹೊಂದುವ ಟೈರು

ಹೊರವ್ಯಾಸ ಹೊಂದಿದ ಮಾತ್ರಕ್ಕೆ ಟೈರು ಸೂಕ್ತವೆಂದು ತಿಳಿಯಬಾರದು. ಪ್ರತಿಯೊಂದು ಟೈರಿನ ಅಳತೆಗೂ ಅನುಮತಿಸಲಾದ ರಿಮ್ ಅಗಲದ ಮಿತಿ ಇರುತ್ತದೆ. 17 ಅಂಗುಲ ವ್ಯಾಸ, 8 ಅಂಗುಲ ಅಗಲದ ರಿಮ್ಮಿಗೆ ಸಾಮಾನ್ಯವಾಗಿ ಪರಿಗಣಿಸುವ ಮೂರು ಅಳತೆಗಳು ಹೀಗಿವೆ:

205/45 ಆರ್ 17 – ಹೊರವ್ಯಾಸ 616.3 ಮಿ.ಮೀ.; ರಿಮ್ ಅಗಲ 6.5ರಿಂದ 7.5 ಅಂಗುಲ
215/45 ಆರ್ 17 – ಹೊರವ್ಯಾಸ 625.3 ಮಿ.ಮೀ.; ರಿಮ್ ಅಗಲ 7ರಿಂದ 8 ಅಂಗುಲ
225/45 ಆರ್ 17 – ಹೊರವ್ಯಾಸ 634.3 ಮಿ.ಮೀ.; ರಿಮ್ ಅಗಲ 7ರಿಂದ 8.5 ಅಂಗುಲ

ಮೊದಲನೆಯದು ವ್ಯಾಸದಲ್ಲಿ ಹೊಂದಿದರೂ 8 ಅಂಗುಲದ ರಿಮ್ಮಿಗೆ ಕಿರಿದು. ಕಿರಿದಾದ ಟೈರನ್ನು ಅಗಲವಾದ ರಿಮ್ಮಿಗೆ ಎಳೆದು ಕೂರಿಸಿದಲ್ಲಿ, ಗಾಳಿ ಕಡಿಮೆಯಾದಾಗ ಅಥವಾ ತಿರುವಿನಲ್ಲಿ ಟೈರಿನ ಒಳ ಅಂಚು ರಿಮ್ಮಿನಿಂದ ಕಳಚುವ ಅಪಾಯವಿರುತ್ತದೆ. ಗುಂಡಿಗೆ ಬಿದ್ದಾಗ ರಿಮ್ಮಿನ ಅಂಚಿಗೂ ರಕ್ಷಣೆ ಇರುವುದಿಲ್ಲ. ಆದುದರಿಂದ ಸದರಿ ಟೈರನ್ನು ಬಳಸಬಾರದು.

4. ಭಾರ ಸೂಚ್ಯಂಕ

ಹೊಸ ಟೈರಿನ ಭಾರ ಸೂಚ್ಯಂಕ ಮತ್ತು ವೇಗ ಸಂಕೇತಗಳು ಮೂಲ ಟೈರಿಗಿಂತ ಕಡಿಮೆ ಇರಬಾರದು. ಅಗಲವಾದ ಟೈರು ಹೆಚ್ಚು ಭಾರ ಹೊರುತ್ತದೆ ಎಂಬ ಅಭಿಪ್ರಾಯ ಸರಿಯಲ್ಲ. ಸಾಮಾನ್ಯ ಶ್ರೇಣಿಯ 215/45 ಆರ್ 17 ಟೈರಿನ ಭಾರ ಸೂಚ್ಯಂಕ 87, ಅಂದರೆ 545 ಕಿ.ಗ್ರಾಂ, ಇದು ಮೂಲ ಟೈರಿಗಿಂತ 15 ಕಿ.ಗ್ರಾಂ ಕಡಿಮೆ. ಅದೇ ಅಳತೆಯಲ್ಲಿ ಎಕ್ಸ್‌ಎಲ್ ಗುರುತಿನ ಟೈರಿನ ಸೂಚ್ಯಂಕ 91, ಅಂದರೆ 615 ಕಿ.ಗ್ರಾಂ. ಆದರೆ ಆ ಪೂರ್ಣ ಭಾರವನ್ನು ಹೊರಲು ಅದಕ್ಕೆ ಹೆಚ್ಚಿನ ಗಾಳಿಯೊತ್ತಡ ಬೇಕಾಗುತ್ತದೆ. ಟೈರು ತಯಾರಕರ ಕೋಷ್ಟಕದಂತೆ ಗಾಳಿ ತುಂಬಿಸತಕ್ಕದ್ದು.

5. ಚಕ್ರದ ಸ್ಥಾನ

ಬೋಲ್ಟುಗಳ ಸಂಖ್ಯೆ ಮತ್ತು ಅಂತರ, ಮಧ್ಯದ ರಂಧ್ರ ಹಾಗೂ ಆಫ್‌ಸೆಟ್ ಅಳತೆಗಳು ವಾಹನಕ್ಕೆ ಹೊಂದಬೇಕು. 6 ಅಂಗುಲ ಅಗಲ, 45 ಮಿ.ಮೀ. ಆಫ್‌ಸೆಟ್ ಉಳ್ಳ ಚಕ್ರದ ಬದಲಿಗೆ 8 ಅಂಗುಲ ಅಗಲ, 35 ಮಿ.ಮೀ. ಆಫ್‌ಸೆಟ್ ಉಳ್ಳ ಚಕ್ರವನ್ನು ಅಳವಡಿಸಿದಲ್ಲಿ, ರಿಮ್ಮು ಹೊರಗಡೆ 35.4 ಮಿ.ಮೀ. ಮತ್ತು ಒಳಗಡೆ 15.4 ಮಿ.ಮೀ. ಹೆಚ್ಚು ಚಾಚುತ್ತದೆ. ಹೊರಗೆ ಟೈರು ಮಡ್‌ಗಾರ್ಡನ್ನು ಮೀರಬಾರದು. ಒಳಗೆ ಸಸ್ಪೆನ್ಷನ್ ಭಾಗಗಳಿಗೆ ತಾಗಬಾರದು. ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ವಾಹನದಲ್ಲಿ ಪೂರ್ಣ ಭಾರವಿರುವಾಗ ಪರೀಕ್ಷಿಸುವುದು ಅವಶ್ಯಕ.

6. ಕಾನೂನಿನ ಅವಕಾಶ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರಂತೆ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ಉತ್ಪಾದಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರಿಸಲಾದ ಪ್ರಕರಣ 182ಎ(4)ರಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

ಲೆಕ್ಕಾಚಾರದಲ್ಲಿ ಹೊಂದಿದ ಟೈರೆಲ್ಲವೂ ಅನುಮತಿ ಪಡೆದ ಟೈರಲ್ಲ ಎಂಬುದನ್ನು ಮಾಲೀಕರು ಮರೆಯಬಾರದು. ತಮ್ಮ ಕಾರಿನ ಮಾದರಿಗೆ ಉತ್ಪಾದಕರು ಅನುಮೋದಿಸಿದ ಅಳತೆಗಳು ಮಾಲೀಕರ ಕೈಪಿಡಿಯಲ್ಲಿ, ಸಾಮಾನ್ಯವಾಗಿ ಚಾಲಕರ ಬಾಗಿಲ ಬಳಿಯ ಪಟ್ಟಿಯಲ್ಲಿಯೂ ಇರುತ್ತವೆ. ಆ ಅಳತೆಗಳನ್ನೇ ಆಯ್ದುಕೊಳ್ಳುವುದು ಸುರಕ್ಷಿತ. ಅವುಗಳಿಗೆ ಹೊರತಾದ ಚಕ್ರ ಅಥವಾ ಟೈರನ್ನು ಅಳವಡಿಸಬಯಸುವವರು ಮುಂಚಿತವಾಗಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸತಕ್ಕದ್ದು. ವಿಮಾ ಸಂಸ್ಥೆಗೂ ತಿಳಿಸತಕ್ಕದ್ದು.

7. ತಪಾಸಣೆಗೆ ಬರುವ ಮುನ್ನ

ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ನವೀಕರಣದ ಸಮಯದಲ್ಲಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಕಾರಿನ ಮೂಲ ಚಕ್ರಗಳನ್ನು ಮಾರಾಟ ಮಾಡದೆ ಇರಿಸಿಕೊಂಡಲ್ಲಿ, ಅಗತ್ಯ ಬಿದ್ದಾಗ ಅವುಗಳನ್ನು ಮರಳಿ ಅಳವಡಿಸಲು ಅನುಕೂಲವಾಗುತ್ತದೆ. ಟೈರುಗಳ ಮೇಲೆ ಐಎಸ್ಐ ಮುದ್ರೆ ಇರುವುದನ್ನು ಖಚಿತಪಡಿಸಿಕೊಂಡು, ಖರೀದಿಯ ರಸೀದಿಯನ್ನು ಕಾಪಾಡಿಕೊಳ್ಳಬೇಕಾಗಿ ಸಾರ್ವಜನಿಕರನ್ನು ಕೋರಲಾಗಿದೆ.