ಕನ್ನಡಿಯ ಚೌಕಟ್ಟೂ ಬೇಗಡೆಯ ಕೆಲಸವೂ

ಹಳಿಯಾಳ, ದಾಂಡೇಲಿ, ಜೋಯ್ಡಾ, ಮುಂಡಗೋಡಗಳ ಸೀಮೆಯಲ್ಲಿ ಕನ್ನಡಿಯಿಲ್ಲದ ಮನೆಯನ್ನು ಈಗ ಹುಡುಕಿದರೂ ಕಾಣಲಾರೆವು. ಆದರೆ ಕನ್ನಡಿಯ ಚೌಕಟ್ಟನ್ನು ನೋಡುವವರು ವಿರಳ. ನೋಡುವವನ ದೃಷ್ಟಿಯು ತನ್ನ ಮುಖವನ್ನು ದಾಟಿ ನಾಲ್ಕಂಗುಲ ಆಚೆಗೆ ಹೋಗುವದೇ ಇಲ್ಲ. ನಾನೂ ಅಂಥವರಲ್ಲೊಬ್ಬನಾಗಿದ್ದೆನು, ಅದರಿಂದೊದಗಿದ ನಷ್ಟವನ್ನು ಮುಂದೆ ನಿವೇದಿಸುವೆನು.

ಅಮರಸಿಂಹನು ಕನ್ನಡಿಗೆ ದರ್ಪಣ, ಮುಕುರ, ಆದರ್ಶ ಎಂಬ ಮೂರು ಹೆಸರುಗಳನ್ನು ಹೇಳಿರುವನು. (ಕಡೆಯ ಶಬ್ದವು ಈಗ ಬೇರೆ ಅರ್ಥದಲ್ಲಿ ಭಾಷಣಕಾರರ ಬಾಯೊಳಗೆ ಸವೆಯುತ್ತಲಿದೆ, ಅದು ಮೊದಲು ಕನ್ನಡಿಯೆಂಬುದನ್ನು ಅವರು ನೆನೆದರೆ ಮಾತು ಕಡಿಮೆಯಾದೀತು!) ಪೂರ್ವಕಾಲದ ದರ್ಪಣವು ಗಾಜಿನದಲ್ಲ, ಲೋಹದ್ದು. ತಾಮ್ರಕ್ಕೆ ತವರವನ್ನು ಬೆರಸಿ ಎರಕ ಹೊಯ್ದು, ಬಹುಕಾಲ ಉಜ್ಜಿ ಮೆರುಗು ತರುವ ಈ ವಿದ್ಯೆಯು ಕೇರಳದ ಆರನ್ಮುಳದಲ್ಲಿ ಇಂದಿಗೂ ಜೀವಿಸಿಕೊಂಡಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯ ಕೈಯಲ್ಲಿರುವದೂ ದುಂಡುಗನ್ನಡಿಯೇ; ಅದಕ್ಕೆ ಮರದ ಚೌಕಟ್ಟಿಲ್ಲ, ಬೇಕಾಗಿಯೂ ಇಲ್ಲ.  ವೆನಿಸಿನವರು ಗಾಜಿನ ಬೆನ್ನಿಗೆ ತವರ-ಪಾದರಸಗಳ ಲೇಪವನ್ನು ಕೊಟ್ಟರು; 1835ರಲ್ಲಿ ಜರ್ಮನಿಯ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞನು ಬೆಳ್ಳಿಯ ಲೇಪವನ್ನು ಕಂಡುಹಿಡಿದ ಬಳಿಕ ಕನ್ನಡಿಯು ಬಡವರ ಗೋಡೆಗೂ ಬಂದಿತು. ಗಾಜಿನ ಅಂಚು ಮುಕ್ಕಾಗುವದು. ಬೆನ್ನಿನ ಲೇಪವು ನಮ್ಮ ಮಲೆಸೀಮೆಯ ತೇವಕ್ಕೆ ಕಪ್ಪಿಡುವದು. ಆದುದರಿಂದ ಚೌಕಟ್ಟು ಅವಶ್ಯವಾಯಿತು. ದಾಂಡೇಲಿಯ ಕಾಡಿನ ಸಾಗುವಾನಿಯಿರಲು ನಮಗೆ ಮರಕ್ಕೇನು ಕೊರತೆ?

ಬರಿಯ ಮರವನ್ನು ಶೃಂಗರಿಸಲು ನಮ್ಮವರು ಹಿಡಿದ ಮಾರ್ಗವೇ ಬೇಗಡೆ. ಬೇಗಡೆಯೆಂದರೆ ಹೊಳೆಯುವ ತೆಳುದಗಡು. ಕರಾವಳಿಯ ಯಕ್ಷಗಾನದವರ ಕಿರೀಟ, ಭುಜಕೀರ್ತಿ, ಎದೆಪದಕಗಳು ದೂರದಿಂದ ಚಿನ್ನವೆಂದು ತೋರಿದರೂ ವಾಸ್ತವದಲ್ಲಿ ಹಗುರಾದ ಮರದ ಮೇಲೆ ಬೇಗಡೆಯನ್ನು ಹೊದಿಸಿ, ನಡುನಡುವೆ ಕನ್ನಡಿಯ ಚೂರುಗಳನ್ನು ಕೂಡಿಸಿದವುಗಳು. ನಮ್ಮ ಜಿಲ್ಲೆಯ ಗುಡಿಗಾರರು ಗಂಧದ ಕೆತ್ತನೆಗೆ ಪ್ರಸಿದ್ಧರಷ್ಟೆ. ಮದುವೆಯ ಬಾಸಿಂಗಗಳನ್ನು ಬೆಂಡಿನಿಂದ ಮಾಡುವ ಕೈಗಳೂ ಅವೇ. ಕೊಪ್ಪಳದ ಕಡೆಯ ಕಿನ್ನಾಳದ ಚಿತ್ರಗಾರರದು ಇನ್ನೊಂದು ಬಗೆ: ತವರವನ್ನು ತೆಳುವಾಗಿ ತಟ್ಟಿ, ಪುಡಿಮಾಡಿ, ಅಂಟಿನೊಡನೆ ಕಲಸಿ ಮರದ ಗೊಂಬೆಗಳಿಗೆ ಹಚ್ಚಿ ಮೆರುಗು ತರುವರು.

ಇನ್ನು ನಮ್ಮ ಮನೆಯ ಸಂಗತಿ. ಹಳಿಯಾಳದ ನಮ್ಮ ಪಡಸಾಲೆಯಲ್ಲಿ ಸಾಗುವಾನಿಯ ಚೌಕಟ್ಟಿನ ಕನ್ನಡಿಯೊಂದಿತ್ತು. ನನ್ನ ತಾಯಿಯು ಅಂಗಡಿಯವನಿಂದ ಚಹದ ಪೆಟ್ಟಿಗೆಯ ಒಳಹಾಸು ತಗಡನ್ನು ಬೇಡಿ ತಂದಿದ್ದಳು. (1910ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅಲ್ಯುಮಿನಿಯಮ್ಮನ್ನು ಕಾಗದದಂತೆ ಲಟ್ಟಿಸುವ ಕಾರಖಾನೆಯು ಹುಟ್ಟಿದ ಮೇಲೆ, ಸೀಸ-ತವರಗಳ ಸ್ಥಾನವನ್ನು ಈ ತಗಡು ಕ್ರಮೇಣ ಆಕ್ರಮಿಸಿತು.) ಹುರಿನೂಲನ್ನು ಹುಣಿಸೆಬೀಜದ ಅಂಟಿನಲ್ಲಿ ಅದ್ದಿ, ಮರದ ಮೇಲೆ ಬಳ್ಳಿಯಾಕಾರವಾಗಿ ಇಟ್ಟು ಒಣಗಿಸಿದಳು. ಮೇಲೆ ತಗಡನ್ನು ಹಾಸಿ, ಅರಿವೆಯಿಂದ ಒತ್ತಿ, ಮೊಂಡಾದ ಬಿದಿರುಕಡ್ಡಿಯಿಂದ ನೂಲಿನ ಇಕ್ಕೆಲಗಳನ್ನು ತೀಡಿದಳು. ಬಳ್ಳಿಯು ಉಬ್ಬಿ ಎದ್ದಿತು. ನನ್ನ ಶಾಲೆಯ ಮಸಿಯನ್ನು ಬಳಿದು ನೋಡಿದಳು. ಅದು ತಗಡಿನ ಮೇಲೆ ಹನಿಹನಿಯಾಗಿ ಜಾರಿತು. ನೀರಿನ ಮಸಿಯು ಕಾಗದಕ್ಕೆ ಇಂಗುವದೇ ಹೊರತು ಲೋಹಕ್ಕೆ ಹಿಡಿಯಲಾರದು. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಬಣ್ಣಗೂಡಿಸಿದರೆ ಮಾತ್ರ ನಿಲ್ಲುವದು. ಬಡಗಿಯೊಬ್ಬನು ಈ ಗುಟ್ಟನ್ನು ಹೇಳಿಕೊಟ್ಟನು. ಆಮೇಲೆ ದೀಪದ ಕಾಡಿಗೆಯನ್ನು ಅರಗಿನಲ್ಲಿ ಕಲಸಿ ಬಳಿದು, ಕೂಡಲೆ ಒರಸಿದಳು. ಉಬ್ಬಿದ್ದು ಬೆಳ್ಳಿಯಂತೆ ಬೆಳಗಿತು, ತಗ್ಗಿನಲ್ಲಿ ಕಪ್ಪು ಉಳಿಯಿತು.

ನಾನು ಪಾಠಶಾಲೆಯಿಂದ ಕಾವ್ಯಶಾಸ್ತ್ರಗಳನ್ನೋದಿ ಮರಳಿದಾಗ ಅದು ನನ್ನ ಕಣ್ಣಿಗೆ ಹುಸಿಬೆಳ್ಳಿಯಾಗಿ ತೋರಿತು. ತಾಯಿಯು ಊರಿಗೆ ಹೋಗಿದ್ದಾಗ ಎಲ್ಲವನ್ನೂ ಕೆರೆದು ತೆಗೆದು ಮರಕ್ಕೆ ವಾರ್ನಿಷ್ ಮಾಡಿಸಿದೆನು. ಅವಳು ಬಂದು ನೋಡಿ, “ಚಲೋ ಆತು, ಧೂಳು ಕೂಡೂದಿಲ್ಲ,” ಎಂದಳು, ಮತ್ತೇನನ್ನೂ ಅನ್ನಲಿಲ್ಲ.

ಮುಂಡಗೋಡದಲ್ಲಿ 1966ರಿಂದ ತಿಬೇಟದ ನಿರಾಶ್ರಿತರ ವಸಾಹತು ಇರುವದು ವಾಚಕರಿಗೆ ವಿದಿತವೇ. ಲ್ಹಾಸಾದ ಬಳಿಯಲ್ಲಿ 1409ರಲ್ಲಿ ಸ್ಥಾಪಿತವಾದ ಗಾಂದೆನ್, 1416ರ ಡ್ರೆಪುಂಗ್ ಎಂಬ ಮಠಗಳು ಇಲ್ಲಿ ಪುನಃ ನೆಲೆಗೊಂಡಿವೆ. ಆ ಮಠಗಳ ಮಾಳಿಗೆಯ ಮೇಲಣ ಧರ್ಮಚಕ್ರ ಮತ್ತು ಜೋಡಿಜಿಂಕೆಗಳನ್ನು ನೋಡಲೆಂದು ನಾನು ನಿವೃತ್ತನಾದ ಮೇಲೆ ಹೋಗಿದ್ದೆನು. ತಾಮ್ರದ ತಗಡನ್ನು ರಾಳದ ಮೆತ್ತೆಯ ಮೇಲಿಟ್ಟು ಹಿಂದಿನಿಂದ ತಟ್ಟಿ ಉಬ್ಬಿಸಿ, ಮುಂದಿನಿಂದ ತಿದ್ದಿ ಇಂಥವನ್ನು ರೂಪಿಸುವರು. ನಮ್ಮ ಅಕ್ಕಸಾಲಿಗರು ದೇವರ ಕವಚ, ಪ್ರಭಾವಳಿಗಳನ್ನು ಮಾಡುವ ಕ್ರಮವೂ ಇದೇ. ಇನ್ನೊಂದು ಸಾಮ್ಯವು ನನ್ನನ್ನು ಬೆರಗುಗೊಳಿಸಿತು. ಅವರ ಪೂಜೆಯಲ್ಲಿ ರೂಪವೆಂಬ ವಿಷಯಕ್ಕೆ ಕನ್ನಡಿಯೇ ನೈವೇದ್ಯ. ಸ್ನಾನವಿಧಿಯಲ್ಲಿ ಬುದ್ಧನ ಪ್ರತಿಬಿಂಬವು ಬಿದ್ದ ಕನ್ನಡಿಯ ಮೇಲೆ ನೀರೆರೆಯುವರು. ಬಂಗಾಲದ ದುರ್ಗಾಪೂಜೆಯಲ್ಲಿ ಮಣ್ಣಿನ ಮೂರ್ತಿಯು ಕರಗಬಾರದೆಂದು ದರ್ಪಣಕ್ಕೆ ಸ್ನಾನ ಮಾಡಿಸುವದೂ ಹೀಗೆಯೇ. ನಮ್ಮಲ್ಲಿಯೂ ಮಂಗಲಕಾರ್ಯಗಳಲ್ಲಿ ಕಲಶ-ಕನ್ನಡಿ ಹಿಡಿದು ಇದಿರುಗೊಳ್ಳುವದುಂಟು. ನಮ್ಮ ಮನೆಯಲ್ಲಿ ನವರಾತ್ರಿಗೆ ದೇವಿಯ ಮುಂದೆ ಇಡುತ್ತಿದ್ದದ್ದು ಆ ಪಡಸಾಲೆಯ ಕನ್ನಡಿಯನ್ನೇ ಎಂಬುದು ಆಗ ನೆನಪಾಯಿತು. ತಾಯಿಯು ಶೃಂಗರಿಸಿದ್ದು ನಮ್ಮ ಮುಖಗಳಿಗಾಗಿ ಅಲ್ಲ.

ಅವಳು ಈಗ ಇಲ್ಲ. ಕಳೆದ ಮಳೆಗಾಲದಲ್ಲಿ ಗಾಜನ್ನು ಬದಲಿಸಲು ಚೌಕಟ್ಟನ್ನು ಬಿಚ್ಚಿದಾಗ, ಗಾಜು ಕೂಡುವ ಕೆಳಗಣ ಮೂಲೆಯಲ್ಲಿ ಹೆಬ್ಬೆರಳಗಲ ತಗಡು, ಎರಡೆಲೆಯ ಬಳ್ಳಿಯೊಡನೆ, ಉಳಿದಿರುವದು ಕಂಡಿತು. ಬಡಗಿಯು ಅದನ್ನು ಕೆರೆಯಲು ಉಳಿಯನ್ನೆತ್ತಿದನು. ನಾನು ಅವನ ಕೈ ಹಿಡಿದೆನು.